ತೊಂಬತ್ತೈದರ ಎಂಜಿನ್

ಗ್ಯಾರೇಜಿನಲ್ಲಿ ಅಳಿಯ, ಕಾರಿನ ಎಂಜಿನ್ನಿನಿಂದ ಬಿಚ್ಚಿದ ಪಿಸ್ಟನ್ನನ್ನು ಹಳೆಯ ಬಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ಸವರಿದ. ಅಂಚಿನಲ್ಲಿ ಒಂದು ಚೂರು ಎದ್ದುಹೋಗಿತ್ತು.

"ಇದು ಪೆಟ್ರೋಲಿನ ಏಟೇ, ಮಾವ. ತೊಂಬತ್ತೈದು ಆಕ್ಟೇನ್‌ಗಿಂತ ಕಡಿಮೆ ಹಾಕ್ಬೇಡಿ ಅಂತ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿದೆ. ಸಾದಾ ಪೆಟ್ರೋಲು ಈ ಒತ್ತಡ ತಡೆಯಲ್ಲ, ತಾನಾಗೇ ಹೊತ್ಕೊಂಡು ಸಿಡಿಯುತ್ತೆ."

"ನಂಗೆ ಪಾಠ ಹೇಳ್ತೀಯೇನಪ್ಪಾ?" ಎಂದ ಡ್ರೈವರ್.

ಈ ಕಾರಿನ ಒಡೆಯರ ಮನೆಯ ಗಾಡಿಗಳನ್ನು ಅವನು ಹತ್ತೊಂಬತ್ತು ವರ್ಷ ಓಡಿಸಿದ್ದ. ನಾಲ್ಕು ತಿಂಗಳ ಹಿಂದೆ ಯಜಮಾನಿತಿ, "ಇನ್ಮೇಲೆ ಸಾದಾದ್ದೇ ಹಾಕ್ಸು. ರುಚಿ ನೋಡೋಕೆ ಕಾರಿಗೇನು ನಾಲಿಗೆ ಇದೆಯಾ?" ಎಂದಿದ್ದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಉಳಿತಾಯವೇನೂ ಆಗಲಿಲ್ಲ. ಸಿಡಿತ ತಪ್ಪಿಸಿಕೊಳ್ಳಲು ಎಂಜಿನ್ ತಾನೇ ಕಿಡಿಯನ್ನು ತಡಮಾಡಿಕೊಂಡು ಶಕ್ತಿ ಕಳೆದುಕೊಂಡಿತು. ಮೈಲೇಜು ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿಯಿತು. ಹೇಳಿದರೆ, "ನಿನ್ನ ಕಾಲೇ ಭಾರ ಆಗಿದೆ" ಎಂಬ ಉತ್ತರ ಬಂತು.

ಕಳೆದ ವಾರ ಏಳು ಜನ, ಗಂಟುಮೂಟೆ, ಕಡಿದಾದ ಏರು. ಡಬ್ಬಿಯೊಳಗೆ ಕಲ್ಲು ಕುಲುಕಿದಂಥ ಸದ್ದು ಕೇಳಿ, "ನಿಧಾನ ಹೋಗೋಣಮ್ಮಾ" ಎಂದ. "ಒತ್ತಯ್ಯಾ, ಹೊತ್ತಾಯ್ತು" ಎಂದಳು ಹಿಂದಿನಿಂದ. ಅವನು ಒತ್ತಿದ.

ಈಗ ಅವಳು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು. ಡ್ರೈವರ್ ಸರಿಸಿದ ಸ್ಟೂಲಿನ ಮೇಲೆ ಕೂರಲಿಲ್ಲ.

"ಯಾರ ತಪ್ಪು?" ಎಂದು ಅಳಿಯನನ್ನು ಕೇಳಿದಳು. "ನಮ್ಮ ಆರು ಗಾಡಿನೂ ನಿನ್ನ ಹತ್ರನೇ ಬರ್ತಾವೆ. ನೋಡ್ಕೊಂಡು ಹೇಳು."

ಮಗಳನ್ನು ಕೊಡುವಾಗ ಡ್ರೈವರ್ ಈ ಹುಡುಗನ ಆಸ್ತಿ ನೋಡಿರಲಿಲ್ಲ. ಸುಳ್ಳಾಡುವವನಲ್ಲ ಎಂದು ಕೇಳಿ ಕೊಟ್ಟಿದ್ದ. ದೇವರೇ, ಇವನ ಬಾಯಲ್ಲಿ ನಿಲ್ಲು ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಅಳಿಯ ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿದ.

"ಏರಲ್ಲಿ ಗೇರ್ ಇಳಿಸದೇ ಎಳೆದಿದ್ದಾರೆ ಅಮ್ಮ. ವಯಸ್ಸಾಯ್ತು ನೋಡಿ, ಕಿವಿಗೆ ಸದ್ದು ಬಿದ್ದಿಲ್ಲ."

ಡ್ರೈವರ್ ಬಾಯಿ ತೆರೆದ. ಅವಳು ಕೈ ಚಾಚಿದಳು. "ಕೀ ಕೊಡು. ನಾಳೆಯಿಂದ ಬರೋದು ಬೇಡ." ಹೊರಡುವಾಗ ಅಳಿಯನಿಗೆ, "ಹೊಸದು ಹಾಕು. ಇನ್ಮೇಲೆ ತೊಂಬತ್ತೈದೇ ಹಾಕ್ಸೋಣ" ಎಂದಳು.

ಅವಳ ಚಪ್ಪಲಿಯ ಸದ್ದು ಕರಗಿತು.

"ನಿಮ್ಮ ಮಗಳಿಗೆ ಹೇಳ್ಬೇಡಿ, ಮಾವ," ಎಂದು ಅಳಿಯ ಸೋಪು ಹಿಡಿದು ಮೋರಿಯ ಬಳಿ ಕುಕ್ಕರಗಾಲಲ್ಲಿ ಕುಳಿತ.

ಡ್ರೈವರ್ ಚೊಂಬಿನಿಂದ ಅವನ ಕೈಗೆ ನೀರು ಹೊಯ್ದ. ಕಪ್ಪು ನೊರೆ ಹರಿಯಿತು, ಆಮೇಲೆ ಬಿಳಿಯದು, ಆಮೇಲೆ ಬರೀ ನೀರು. ಚೊಂಬು ಬರಿದಾಯಿತು. ಅಳಿಯ ಇನ್ನೂ ಕೈ ಉಜ್ಜುತ್ತಲೇ ಇದ್ದ.