ಜಡೆ ಹಾಕಿದ ಕೈ

ಮೈಕು ಎಂದರೆ ಇಷ್ಟೇನಾ, ಹುಣಿಸೆಬೀಜದಷ್ಟಿದೆ, ಸೆರಗಿಗೆ ಕಚ್ಚಿಕೊಂಡು ನನ್ನ ಉಸಿರನ್ನೂ ಬಿಡದೆ ಕೇಳುತ್ತಿದೆ, ಪಕ್ಕದ ವರ್ಕ್‌ಶಾಪಿನ ಲೇಥು ಕಿರ್ರೆನ್ನುತ್ತಿದೆ, ಅದು ನಿಲ್ಲೋವರ್ಗೂ ಕಾಯೋಣ ಮೇಡಂ ಎನ್ನುತ್ತಾನೆ ಆಕರ್ಷ್, ಯೂಟ್ಯೂಬಿನ ಹುಡುಗ — ಬಾಗಲಗುಂಟೆಯಲ್ಲಿ ಲೇಥು ನಿಲ್ಲಲಿ ಅಂತ ಕಾದರೆ ನನ್ನ ತಿಥಿ ಊಟ ಮಾಡಿಕೊಂಡೇ ಹೋಗಬೇಕು ನೀನು. ನಲವತ್ತು ವರ್ಷದ ಹಿಂದಿನ ಸಿನಿಮಾ, ಹೆಂಡತಿ ಸತ್ತವನ ನಾಲ್ಕು ಮಕ್ಕಳು, ಗಂಡ ಸತ್ತವಳ ನಾಲ್ಕು ಮಕ್ಕಳು, ಮದುವೆಯಾಗಿ ಎಂಟೂ ಒಂದೇ ಮನೆಯಲ್ಲಿ, ಜನ ಇವತ್ತಿಗೂ ಬಿದ್ದು ಬಿದ್ದು ನಗುತ್ತಾರೆ, ಆ ಎಂಟರಲ್ಲಿ ಮೂರನೆಯವಳು ನಾನು, ಯಾಮಿನಿ ಮೇಡಂ ಮಾಡಿದ್ದ ಮಲತಾಯಿಯ ಮೇಲೆ ಮುಖ ಊದಿಸಿಕೊಂಡು ಕೊನೆಗೆ ಅವಳ ಕೈಲಿ ಜಡೆ ಹಾಕಿಸಿಕೊಳ್ಳುವವಳು. ಶೂಟಿಂಗು ನಮ್ಮ ಪೀಣ್ಯದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲೇ, ತಾಯಿ ಇಲ್ಲದ ಮುಖ ಬೇಕು ಅಂತ ಹುಡುಕುತ್ತಿದ್ದರಂತೆ, ನನ್ನದು ಸಿಕ್ಕಿತು. ತೆರೆಯ ಹಿಂದಿನ ನಗು ಹೇಳಿ ಮೇಡಂ. ಹೇಳಿದೆ, ಊಟದ ಸೀನಿನಲ್ಲಿ ಹನ್ನೊಂದು ಟೇಕು ಅದೇ ಪಾಯಸ ತಿಂದು ಎಂಟೂ ಮಕ್ಕಳು ಕಾಂಪೌಂಡಿನ ಹಿಂದೆ ವಾಂತಿ ಮಾಡಿದ್ದು, ನಕ್ಕ. ಈಗ ಜಡೆ ಸೀನ್ ಬೇಕಂತೆ. ಹಳದಿ ರಿಬ್ಬನ್ನು, ಹಸಿರು ಬಳೆ, ಪರದೆ ತುಂಬ ಬರೀ ಕೈ, ಕೆಳಗೆ ಸಾವಿರಾರು ಕಾಮೆಂಟು, ತಾಯಿಯ ಕೈ ಅಂದ್ರೆ ಇದು, ಯಾಮಿನಿಯಮ್ಮ ನೀವು ದೇವತೆ. ದೇವತೆಯಂತೆ. ಕೋಣೆಯ ಬಾಗಿಲು ತೆರೆದೇ ಇದೆ, ಒಳಗೆ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಾಳೆ, ಎಂಬತ್ತಾದರೂ ಕಿವಿ ಚುರುಕು, ಆ ಕೈಯನ್ನು ಮಾತ್ರ ನಾನು ನೋಡುವುದಿಲ್ಲ, ಕಾಫಿ ಲೋಟ ಕೊಟ್ಟಾಗಲೂ ಲೋಟವನ್ನಷ್ಟೇ ನೋಡುತ್ತೇನೆ.

ಯಾಮಿನಿ ಮೇಡಂ ಹಾಕಿದ್ದು ಒಂದೇ ಜಡೆ, ಎಡಗಡೆಯದು, ಅಷ್ಟರಲ್ಲಿ ಬೆಳಕು ಹೋಯಿತು, ಪ್ಯಾಕಪ್, ಎದ್ದು ಕಾರು ಹತ್ತಿದರು, ತಿರುಗಿಯೂ ನೋಡಲಿಲ್ಲ. ಅಸಿಸ್ಟೆಂಟ್ ಬಂದು, ಪಾಪು, ಮುಂದಿನ ಶೂಟಿಂಗ್‌ವರೆಗೂ ತಲೆ ಹಿಂಗೇ ಇರ್ಬೇಕು, ಒಂದು ಜಡೆ, ಒಂದು ಕಡೆ ಬಿಚ್ಚಿದ ಕೂದ್ಲು, ಯಾರೂ ಮುಟ್ಬಾರ್ದು, ಮುಟ್ಟಿದ್ರೆ ಕಂಟಿನ್ಯುಟಿ ಹೋಗತ್ತೆ. ಒಂಬತ್ತು ವರ್ಷದವಳಿಗೆ ಅದು ದೇವರ ಆಣೆ. ಅವತ್ತೇ ಸಂಜೆ ಮನೆಗೆ ಬಂದರೆ ಈ ಮಹಾದೇವಿ, ಇದೇ ಚಿಕ್ಕಮ್ಮ, ಅಪ್ಪ ಕಟ್ಟಿಕೊಂಡು ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಬಾಗಿಲಲ್ಲೇ ಬಾಚಣಿಗೆ ಹಿಡಿದು ನಿಂತಿದ್ದಾಳೆ, ಅಯ್ಯೋ ಅರ್ಧಕ್ಕೇ ಬಿಟ್ಟವ್ರಲ್ಲ, ಬಾ ಮಗಾ, ನಾನಾಕ್ತೀನಿ, ಕೂದಲು ಮುಟ್ಟಿದಳು, ಕಚ್ಚಿದೆ. ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿ ಕಚ್ಚಿದೆ, ರಕ್ತ ಬಾಯಿಗೆ ಬಂದರೂ ಬಿಡಲಿಲ್ಲ. ಕಂಟಿನ್ಯುಟಿ ಅನ್ನಬಹುದಿತ್ತು, ನೀನ್ಯಾರು ಮುಟ್ಟಕ್ಕೆ ಅಂದೆ. ಅವಳು ಬಾಚಣಿಗೆಯನ್ನು ಗೂಡಿನಲ್ಲಿಟ್ಟು, ಕೈಗೆ ಅರಿಸಿನ ಮೆತ್ತಿಕೊಂಡು ಅನ್ನಕ್ಕಿಟ್ಟಳು.

ಆರು ದಿನ ಒಂಟಿ ಜಡೆಯಲ್ಲೇ ಮಲಗಿದೆ, ಎದ್ದೆ, ಹೇನಾಯಿತು, ಶಾಲೆಯಲ್ಲಿ ಹುಚ್ಚಿ ಎಂದರು, ಅನ್ನಲಿ, ಯಾಮಿನಿ ಮೇಡಂ ಬರುತ್ತಾರೆ, ಇನ್ನೊಂದು ಜಡೆ ಹಾಕುತ್ತಾರೆ, ಕಾರಿನಲ್ಲಿ ಕರೆದುಕೊಂಡೇ ಹೋಗಿಬಿಡುತ್ತಾರೆ — ಎಂಥ ದಡ್ಡ ಮುಂಡೇದು ನಾನು. ಏಳನೆಯ ದಿನ ಅವರು ಮದ್ರಾಸಿನಲ್ಲಿ, ಬೇರೆ ಸಿನಿಮಾ. ಕೈ ತಾನೇ ಕಾಣೋದು, ಯಾರದ್ದಾದ್ರೂ ಆಗತ್ತೆ ಎಂದರು ನಿರ್ದೇಶಕರು, ನನಗೆ ಊಟ ತಂದು ಮೂಲೆಯಲ್ಲಿ ನಿಂತಿದ್ದ ಚಿಕ್ಕಮ್ಮನನ್ನು ಕರೆದು ಕೂರಿಸಿದರು, ಹಸಿರು ಬಳೆ ತೊಡಿಸಿದರು, ಮೇಕಪ್‌ನವನು ಹಲ್ಲಿನ ಗುರುತಿನ ಮೇಲೆ ಬಣ್ಣ ಮೆತ್ತಿದ. ನಾನು ಬೆನ್ನು ಕೊಟ್ಟು ಕೂತೆ. ಆರು ದಿನದ ಸಿಕ್ಕು, ಬುಡ ಹಿಡಿದು ಹಿಡಿದು ಬಿಡಿಸಿದಳು, ಒಂದು ಸಲವೂ ನೋಯಲಿಲ್ಲ, ಬಾಚಣಿಗೆ ಬಿಟ್ಟು ಬರೀ ಬೆರಳಲ್ಲೇ ಎಳೆ ಎಳೆಯಾಗಿ ಹೆಣೆದಳು, ಆ ಬೆರಳು ನೋಡಿಯೇ ಜನ ಅಳುವುದು. ಮಾರನೆಯ ದಿನ ಹಟ ಹಿಡಿದು ಕೂದಲು ಕತ್ತರಿಸಿಕೊಂಡೆ. ಅವಳು ಮತ್ತೆಂದೂ ನನ್ನ ತಲೆ ಮುಟ್ಟಲಿಲ್ಲ, ಅದು ತನ್ನ ಕೈ ಎಂದು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ, ಅವಳದು ದೊಡ್ಡತನ, ನನ್ನದು ಬರೀ ಹೊಟ್ಟೆಕಿಚ್ಚು.

ಹೇಳಿ ಮೇಡಂ, ಯಾಮಿನಿ ಅವರ ಕೈ ಹೆಂಗಿತ್ತು. ಅದು ಅವರ ಕೈಯಲ್ಲ ಕಣಪ್ಪಾ, ತುಟಿಯ ತನಕ ಬಂತು, ಬಂದದ್ದನ್ನು ನುಂಗಿ, ಬೆಣ್ಣೆ, ಹೆತ್ತಮ್ಮನ ಕೈ ಹಂಗೇ ಇತ್ತು ಎಂದುಬಿಟ್ಟೆ. ಜನಕ್ಕೆ ಬೇಕಾದದ್ದು ಅದೇ ಅಂತ — ಸುಳ್ಳು, ನನಗೆ ಬೇಕಾದದ್ದು ಅದೇ, ಇವತ್ತಿಗೂ. ಒಳಗೆ ಪಾತ್ರೆಗೆ ಕಾಳು ಬೀಳುವ ಸದ್ದು ನಿಂತಿತು. ಫ್ಯಾನ್ ಸೌಂಡ್ ಬಂದ್ಬಿಡ್ತು ಮೇಡಂ, ಅದೇ ಮಾತು ಇನ್ನೊಂದ್ಸಲ ಹೇಳಿ. ಇನ್ನೊಂದು ಸಲ, ಯಾರಿಗೆ ಸಿಗುತ್ತದೆ ಬದುಕಿನಲ್ಲಿ, ಹೇಳೇ, ಈಗಲಾದರೂ ಹೇಳೇ, ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬರುತ್ತಿದ್ದಾಳೆ, ನನ್ನತ್ತ ನೋಡುತ್ತಿಲ್ಲ, ಫ್ಯಾನು ನಾನಾರಿಸ್ತೀನಿ ಇರಪ್ಪ, ಅವಳು ಯೋಳ್ಲಿ, ಚೆನ್ನಾಗ್ ಯೋಳ್ತಾವ್ಳೆ. ರೋಲಿಂಗ್ ಮೇಡಂ. ಬಾಯಿ ತೆರೆದಿದ್ದೇನೆ, ಫ್ಯಾನು ನಿಂತಿತು, ಲೇಥೂ ನಿಂತಿದೆ, ಸ್ವಿಚ್ಚಿನ ಮೇಲೆ ಇನ್ನೂ ಆ ಕೈ, ಹೆಬ್ಬೆರಳಿನ ಬುಡದಲ್ಲಿ ನನ್ನ ನಾಲ್ಕು ಹಲ್ಲು, ಬಣ್ಣ ಮೆತ್ತದ ನಾಲ್ಕು ಹಲ್ಲು, ಹೇಳಿ ಮೇಡಂ, ನಾಲ್ಕು ಹಲ್ಲು