ಅತ್ತೆಯ ಹೆಸರಿನ ಜೆಸಿಬಿ

"ನಾನು ಸತ್ತ ದಿನ ಮಾತ್ರ ನನ್ನ ಮಗನ್ನ ಪೊಲೀಸ್ರಿಗೆ ಹಿಡಿಸ್ಬೇಡ ಕಣೇ" ಎಂದು ಆರು ವರ್ಷದ ಹಿಂದೆ ಅತ್ತೆ ಕೇಳಿದ್ದಳು. ಪುಷ್ಪಾ "ಆಯ್ತತ್ತೆ" ಎಂದಿದ್ದಳು. ಈಗ ಅದೇ ಅತ್ತೆಯ ಹೆಣದ ಹಣೆಗೆ ವಿಭೂತಿ ಹಚ್ಚುವಾಗ ಆ ಮಾತು ನೆನಪಾಗಿ ಬೆರಳು ಅರ್ಧಕ್ಕೇ ನಿಂತಿತು.

ಅತ್ತೆ ದುರ್ಗಮ್ಮ ಭದ್ರಾವತಿಯಲ್ಲಿ ಕಾರ್ಖಾನೆ ಗೇಟಿನೆದುರು ಮೂವತ್ತು ವರ್ಷ ಇಡ್ಲಿ ಮಾರಿದವಳು. ಅಂಗಳದಲ್ಲಿ ಕೂತವರಲ್ಲಿ ಅರ್ಧ ಜನ ಅವಳ ಕೈಯಲ್ಲಿ ತಿಂದವರೇ.

"ಎರಡನೇ ಸಲ ಚಟ್ನಿ ಕೇಳಿದ್ರೆ ಹೆಂಗೆ ಮುಖ ನೋಡೋಳು ಮಾರಾಯ."

"ನೋಡೋಳು. ಆಮೇಲೆ ಹಾಕೋಳು."

ಪುಷ್ಪಾ ಕೈ ತೊಳೆಯಲು ನೀರಿನ ಡ್ರಮ್ಮಿನ ಹತ್ತಿರ ಬಂದಾಗ ಕಾನ್‌ಸ್ಟೇಬಲ್ ಜಯಪ್ಪ ಅಲ್ಲಿದ್ದ. ಮಾಮೂಲಿ ಅಂಗಿ ಹಾಕಿದ್ದ, ಕಾಲಲ್ಲಿ ಮಾತ್ರ ಪೊಲೀಸ್ ಬೂಟು.

"ನಿನ್ನ ಗಂಡ ನವೀನ ಬಂದ್ನೇನಮ್ಮಾ?"

"ಇನ್ನೂ ಇಲ್ಲ ಸಾರ್."

"ನಂಗೆ ಗುರುತು ಸಿಗಲ್ಲ. ಫೈಲಲ್ಲಿರೋದು ನಿಮ್ಮ ಮದ್ವೆ ಫೋಟೋ, ತಲೆತುಂಬಾ ಕೂದ್ಲು. ನೀನು ಕಣ್ಣಲ್ಲಿ ತೋರ್ಸು, ಸಾಕು. ಇವತ್ತೂ ತಪ್ಪಿಸ್ಕೊಂಡ್ರೆ 'ವಿಳಾಸದಲ್ಲಿಲ್ಲ' ಅಂತ ಮೂರನೇ ಸಲ ವಾರಂಟು ವಾಪಸ್ ಕಳಿಸ್ಬೇಕು."

ಮಗಳ ಜೀವನಾಂಶ ಬಂದು ಇಪ್ಪತ್ತಾರು ತಿಂಗಳಾಗಿತ್ತು. ಸಿಕ್ಕಿಬಿದ್ದರೆ ಕಟ್ಟಬೇಕು, ಇಲ್ಲವೇ ಜೈಲು. ರಕ್ಷಾಳ ಕಾಲೇಜು ಫೀಸಿಗೆ ಸೋಮವಾರ ಕಡೆಯ ದಿನ. ಪುಷ್ಪಾ ಕೆಲಸ ಮಾಡುವ ಗಾಂಧಿ ಬಜಾರಿನ ಸೀರೆ ಅಂಗಡಿಯ ಸಾಹುಕಾರರು ಇನ್ನು ಮುಂಗಡ ಇಲ್ಲ ಎಂದಿದ್ದರು.

*

ಆರು ವರ್ಷದ ಹಿಂದೆ ಶಿವಮೊಗ್ಗದ ಕೋರ್ಟಿನಲ್ಲಿ ನವೀನ್ ತಾನು ಕೂಲಿ, ತಿಂಗಳಿಗೆ ಎಂಟು ಸಾವಿರ ದುಡಿದರೆ ಹೆಚ್ಚು ಎಂದಿದ್ದ. ಅವನ ಪರ ಸಾಕ್ಷಿಯಾಗಿ ಬಂದ ದುರ್ಗಮ್ಮ ಕಟಕಟೆ ಹಿಡಿದು ನಿಂತಳು.

"ನಿಮ್ಮನೆ ಮುಂದೆ ನಿಲ್ಲೋ ಜೆಸಿಬಿ ಯಾರದಮ್ಮಾ?" ಪುಷ್ಪಾಳ ವಕೀಲರು ಕೇಳಿದರು.

"ನನ್ನ ಹೆಸ್ರಲ್ಲೈತೆ ಸ್ವಾಮಿ. ನಾನು ಅದನ್ನ ಹತ್ತಿದ್ದು ಆಯುಧಪೂಜೆ ದಿನ, ಕುಂಕುಮ ಇಡಕ್ಕೆ. ದುಡಿಸೋನು ಇವ್ನೇ."

ಮಗುವಿಗೆ ತಿಂಗಳಿಗೆ ಆರು ಸಾವಿರ ಎಂದು ಆದೇಶವಾಯಿತು. ವರಾಂಡದಲ್ಲಿ ನವೀನ್ ತಾಯಿಗೆ ಅಡ್ಡ ನಿಂತು, "ನೀನು ಸತ್ರೆ ಒಂದು ಹಿಡಿ ಮಣ್ಣೂ ಹಾಕಲ್ಲ" ಎಂದು ಹೇಳಿ ಹೋದ.

ಪುಷ್ಪಾ ಅತ್ತೆಯನ್ನು ಮನೆಗೆ ಬಿಡಲು ಬಸ್ಸು ಹತ್ತಿದಳು. ಇಳಿಯುವಾಗ ದುರ್ಗಮ್ಮ ಅವಳ ಕೈ ಹಿಡಿದುಕೊಂಡಳು.

"ಅವ್ನು ನೆಟ್ಟಗೆ ಕೊಡಲ್ಲ, ನಂಗೊತ್ತು. ವಾರಂಟು ತರ್ಸು, ಹಿಡಿಸು. ನಾನು ಸತ್ತ ದಿನ ಮಾತ್ರ ಬಿಟ್ಬಿಡು."

"ಮಣ್ಣು ಹಾಕಲ್ಲ ಅಂದ್ನಲ್ಲತ್ತೆ."

"ಬರ್ತಾನೆ. ಬೈದೋರೆಲ್ಲ ಬರ್ತಾರೆ ಕಣೇ."

*

ಹೊಳೆದಂಡೆಯ ಸ್ಮಶಾನದಲ್ಲಿ ಗುಣಿ ತೋಡಿದ ಜೆಸಿಬಿ ಪಕ್ಕದಲ್ಲೇ ನಿಂತಿತ್ತು. ಈಗೀಗ ಗುದ್ದಲಿ ಹಿಡಿಯುವವರು ಸಿಗುವುದಿಲ್ಲ. ಹೆಣ ಇಳಿಸಿದ ಮೇಲೆ ದುರ್ಗಮ್ಮನ ತಮ್ಮ ಮುರುಗೇಶಪ್ಪ, "ಮಗ ಮುಂದೆ ಬರ್ಲಿ" ಎಂದ. ಯಾರೂ ಬರಲಿಲ್ಲ. ಜನ ಜಯಪ್ಪನ ಬೂಟು ನೋಡಿದರು, ಆಮೇಲೆ ನೆಲ ನೋಡಿದರು.

"ಮೊಮ್ಮಗಳೇ ಹಾಕ್ಲಿ ಬಿಡಿ," ಎಂದರು ಹಿರಿಯರೊಬ್ಬರು.

ರಕ್ಷಾ ಮೂರು ಹಿಡಿ ಹಾಕಿದಳು. ಹಿಂದೆ ಸಾಲು ಬಂತು. ಜಯಪ್ಪ ಒಂದೊಂದೇ ಮುಖ ನೋಡಿ ಪುಷ್ಪಾಳತ್ತ ತಿರುಗುತ್ತಿದ್ದ, ಅವಳು ಅಲ್ಲವೆಂದು ತಲೆಯಾಡಿಸುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ. ಸಾಲು ಮುಗಿಯಿತು.

ಜೆಸಿಬಿ ಸದ್ದು ಮಾಡಿತು. ಬಕೆಟ್ಟು ಮಣ್ಣು ಬಾಚಿ ಮೇಲೆದ್ದಿತು. ಆದರೆ ದಬ್ಬನೆ ಸುರಿಯಲಿಲ್ಲ. ಗುಣಿಯ ಅಂಚಿನವರೆಗೂ ಬಗ್ಗಿ, ಇಡ್ಲಿ ತಟ್ಟೆಗೆ ಹಿಟ್ಟು ಬಿಡುವ ಹಾಗೆ ಅಷ್ಟಷ್ಟೇ ಬಿಟ್ಟಿತು. ಪುಷ್ಪಾ ತಲೆಯೆತ್ತಿದಳು. ಗಾಜಿನ ಹಿಂದೆ ಟವೆಲ್ಲು ಸುತ್ತಿದ ತಲೆ, ಕಚ್ಚಿಕೊಂಡ ಕೆಳತುಟಿ. ಆ ತುಟಿ ಕಚ್ಚುವುದನ್ನು ಅವಳು ಐದು ವರ್ಷದ ಸಂಸಾರದಲ್ಲಿ ಕಂಡಿದ್ದಳು.

ಅಪ್ಪನನ್ನು ಮೂರು ವರ್ಷದವಳಿದ್ದಾಗ ಕೊನೆಯದಾಗಿ ನೋಡಿದ್ದ ರಕ್ಷಾ ಅವಳ ಸೆರಗೆಳೆದಳು.

"ಅಮ್ಮಾ, ಆ ಡ್ರೈವರ್ ಯಾಕೆ ಅಳ್ತಿದಾನೆ?"

ಜಯಪ್ಪ ತಿರುಗಿದ. ಗಾಜಿನತ್ತ ನೋಡಿದ, ಪುಷ್ಪಾಳತ್ತ ನೋಡಿದ.

"ಯಾರಮ್ಮಾ ಅದು?"

ಸೋಮವಾರಕ್ಕೆ ಇನ್ನು ಮೂರು ದಿನವಿತ್ತು.

"ಬಾಡಿಗೆ ಗಾಡಿ ಸಾರ್," ಎಂದಳು ಪುಷ್ಪಾ. "ಯಾರೋ."

ಬಕೆಟ್ಟು ಇನ್ನೊಮ್ಮೆ ಮೆಲ್ಲಗೆ ಇಳಿಯಿತು. ವಾರಂಟು ಮೂರನೇ ಸಲ ವಾಪಸ್ ಹೋಯಿತು. ಪುಷ್ಪಾ ಕೊಟ್ಟ ಮಾತು ಉಳಿಯಿತು.