ಚಹಾದಲ್ಲಿ ಅದ್ದಿದ ಹಾಳೆ

ಕೊನೆಯ ಪುಟ ಓದಿ ಮುಗಿಸಿದ ಅಂಟಕ್ಕ ಮತ್ತೆ ಅದೇ ಪುಟದ ಮೊದಲ ಸಾಲಿಗೆ ಹೋದಳು. ಅಲ್ಲಿ ಇದ್ದದ್ದೇ ಆರು ಸಾಲು. ಮನೆ ಬಿಟ್ಟು ಹೋಗಿದ್ದ ಹುಡುಗಿ ತನ್ನ ಮನೆಯ ಬಾಗಿಲ ಮುಂದೆ ನಿಂತಿದ್ದಾಳೆ. ಬಡಿಯಲು ಕೈ ಎತ್ತಿದ್ದಾಳೆ. ಒಳಗಿನಿಂದ ಅಪ್ಪನ ಕೆಮ್ಮು ಕೇಳುತ್ತದೆ. ಎತ್ತಿದ ಕೈ ಇಳಿಸಿ ಬಸ್ಸಿನ ಕಡೆ ನಡೆದುಬಿಡುತ್ತಾಳೆ. ಅಷ್ಟೇ. ಯಾರೂ ಅಳುವುದಿಲ್ಲ, ಯಾರೂ ಕರೆಯುವುದಿಲ್ಲ.

"ಏನ್ ಅಂಟಕ್ಕಾ, ಹೊಸ ಪುಸ್ತಕಾನೂ ಹರಿದೇ ಬಂದಿದ್ಯಾ?" ಎಂದ ಗ್ರಂಥಪಾಲಕ, ಪಾರ್ಸಲ್ಲಿನ ದಾರ ಸುತ್ತಿಡುತ್ತಾ. "ಆ ನೀಲಿ ರಟ್ಟಿಂದು ಕೇಳೋರು ಜಾಸ್ತಿ ಆದ್ರು ಅಂತ ಇನ್ನೊಂದು ಪ್ರತಿ ತರಿಸ್ದೆ. ನಿಮ್ಮ ಮುಖ ಯಾಕೆ ಹಾಗಾಯ್ತು?"

"ಏನಿಲ್ಲ ಬಿಡಿ," ಎಂದಳು ಅಂಟಕ್ಕ. ಅಂಗೈ ಬೆವರಿತ್ತು. ಪುಸ್ತಕಕ್ಕೆ ತಾಗದಿರಲಿ ಎಂದು ಸೆರಗಿಗೆ ಒರೆಸಿಕೊಂಡಳು.

ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟುತ್ತಿದ್ದ ಅವಳಿಗೆ ಓದಲು ಬರುವ ಮಕ್ಕಳು ಇಟ್ಟ ಹೆಸರು ಅಂಟಕ್ಕ. ಅವಳಿಗೂ ಅದೇ ಇಷ್ಟ. ಮದುವೆಯ ಗೊಡವೆಗೆ ಹೋಗದವಳಿಗೆ ಊರಿನ ಮಕ್ಕಳೆಲ್ಲ ಅಕ್ಕ ಎನ್ನುವುದು ಸಣ್ಣ ಮಾತೇನಲ್ಲ. ಅವಳಿಗಿದ್ದ ಇನ್ನೊಂದು ಹುಚ್ಚು ಗ್ರಂಥಪಾಲಕನಿಗೆ ಮಾತ್ರ ಗೊತ್ತಿತ್ತು. ಹನ್ನೆರಡು ವರ್ಷಗಳಿಂದ ಅವಳು ಒಂದು ಕಾದಂಬರಿ ಬರೆಯುತ್ತಿದ್ದಳು. ಅದು ನಾಲ್ಕನೆಯ ಅಧ್ಯಾಯ ದಾಟಲು ಒಲ್ಲೆ ಎನ್ನುತ್ತಿತ್ತು. "ನಿಮ್ಮ ಕಾದಂಬರಿಗೆ ನಾವೇ ರಟ್ಟು ಹಾಕ್ಬೇಕು ಅಂದ್ರೆ ನಾನಿನ್ನೊಂದು ಜನ್ಮ ಎತ್ತಿ ಬರ್ಬೇಕಾಗತ್ತೆ," ಎಂದು ಅವನು ಕಾಲೆಳೆಯುತ್ತಿದ್ದ.

ಹೋದ ವರ್ಷ ಅವಳಿಗೊಂದು ವಿಷಯ ಹೊಳೆದಿತ್ತು. ತನ್ನ ಮೇಜಿಗೆ ಹರಿದು ಬರುವ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಹದಿಹರೆಯದವರ ಕಾದಂಬರಿಗಳು. ದೊಡ್ಡವರ ಕಾದಂಬರಿಗಳು ಗಟ್ಟಿಮುಟ್ಟಾಗಿ ಕಪಾಟಿನಲ್ಲೇ ಕೂತಿರುತ್ತವೆ. ಹರಿಯುವಷ್ಟು ಓದುವವರಿಗೇ ಬರೆಯಬೇಕು ಎಂದು ತೀರ್ಮಾನಿಸಿ, ಹೊಲಿಯುವ ಮೊದಲು ಒಂದೊಂದನ್ನೂ ಓದತೊಡಗಿದಳು. ಓದಿದ ಮೇಲೆ ಅನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಮೊದಲ ಅಧ್ಯಾಯದಲ್ಲಿ ಕನ್ನಡಿ ಬಂದೇ ಬರುತ್ತದೆ, ಹುಡುಗಿಯ ಮೂಗು ಹೇಗಿದೆಯೆಂದು ನಮಗೆ ಗೊತ್ತಾಗಬೇಕಲ್ಲ. ಹದಿನಾರರ ಹುಡುಗ ಬಾಯಿ ಬಿಟ್ಟರೆ ನಿವೃತ್ತ ಮೇಷ್ಟರು. ಅಮ್ಮ ಸತ್ತಿರುತ್ತಾಳೆ. ಅಪ್ಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೂವತ್ತೊಂದು ಪುಸ್ತಕ ಮುಗಿಯುವ ಹೊತ್ತಿಗೆ ತಮಾಷೆ ಕಡಿಮೆಯಾಗಿ ಸಿಟ್ಟು ಬರತೊಡಗಿತ್ತು. ಎಳೆ ಜೀವಗಳಿಗೆ ಇಷ್ಟೊಂದು ಕಹಿ ಯಾಕೆ ಕುಡಿಸುತ್ತಾರೆ, ಇವರಿಗೆಲ್ಲ ಮಕ್ಕಳಿಲ್ಲವೇ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ನೀಲಿ ರಟ್ಟಿನ ಕಾದಂಬರಿ ಬಂದದ್ದು ಆ ಸಿಟ್ಟಿನ ಮೇಲೆ. ಹೊಡೆಯುವ ಅಪ್ಪ, ಮನೆ ಬಿಟ್ಟು ಹೋಗುವ ಮಗಳು. ಓದಿದವುಗಳಲ್ಲಿ ಅದೇ ಒಳ್ಳೆಯದು, ಆದರೆ ಬರೆದವರ ಎದೆ ಕಲ್ಲು ಅನಿಸಿತ್ತು. ಹುಡುಗಿ ವಾಪಸ್ ಮನೆಯ ಬೀದಿಗೆ ತಿರುಗುವಲ್ಲಿಗೆ ಪುಸ್ತಕ ನಿಂತಿತ್ತು. ಮುಂದಿನ ಹಾಳೆಯನ್ನು ಯಾರೋ ಕಿತ್ತುಕೊಂಡಿದ್ದರು.

ಹಾಳೆ ಹೋಗಿದ್ದರೆ "ಕೊನೆಯ ಪುಟ ಇಲ್ಲ" ಎಂದು ಚೀಟಿ ಹಚ್ಚುವುದು ಅವಳ ಕೆಲಸ. ಅವತ್ತು ಅವಳು ಚೀಟಿ ಹಚ್ಚಲಿಲ್ಲ. ಗ್ರಂಥಪಾಲಕ ಊಟಕ್ಕೆ ಹೋದಾಗ ಅವನ ಕಂಪ್ಯೂಟರಿನ ಮುಂದೆ ಕೂತು, ಅದೇ ಗಾತ್ರದ ಅಕ್ಷರದಲ್ಲಿ, ಹಾಳೆಯ ಎರಡೂ ಮಗ್ಗುಲು ತುಂಬುವಂತೆ ತಾನೇ ಬರೆದಳು. ಅಪ್ಪ ಬಾಗಿಲು ತೆಗೆಯುತ್ತಾನೆ. ಮಗಳನ್ನು ನೋಡಿ ಹೊಸ್ತಿಲಲ್ಲೇ ಕುಸಿದು ಅಳುತ್ತಾನೆ. ತಪ್ಪಾಯಿತು ಮಗಳೇ ಎನ್ನುತ್ತಾನೆ. ಹನ್ನೆರಡು ವರ್ಷ ತಿಣುಕಿದ ಕೈ ಅವತ್ತು ಎಲ್ಲೂ ತಡೆಯದೆ ಓಡಿತು. ಬಿಳುಪು ಹೆಚ್ಚಾಯಿತೆಂದು ಹಾಳೆಯನ್ನು ತೆಳು ಚಹಾದಲ್ಲಿ ಅದ್ದಿ, ಒಣಗಿಸಿ, ಅಂಚಿಗೆ ಅಂಟು ಸವರಿ ಕೂರಿಸಿದಳು. ಆಮೇಲೆ ಆ ಪುಸ್ತಕ ಎರವಲು ಹೋದಾಗಲೆಲ್ಲ ಹಿಂದಿನ ಚೀಟಿಯಲ್ಲಿ ಬೀಳುವ ತಾರೀಕಿನ ಮೊಹರನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದಳು. ತನಗೂ ಓದುಗರಿದ್ದಾರೆ ಎಂದು.

ಅವರಲ್ಲಿ ಒಬ್ಬಳು ಗಂಟೆ. ಒಂಬತ್ತನೆಯ ತರಗತಿಯ ಹುಡುಗಿ. ಶಾಲೆ ಬಿಟ್ಟ ಕೂಡಲೇ ಬಂದು, ಮುಚ್ಚುವ ಗಂಟೆ ಬಾರಿಸುವ ತನಕ ಎದ್ದು ಹೋಗದವಳು. ಅದಕ್ಕೇ ಅಂಟಕ್ಕ ಅವಳನ್ನು ಹಾಗೆ ಕರೆಯುತ್ತಿದ್ದದ್ದು. ಮನೆಗೆ ಹೋಗಲು ಯಾಕೆ ಮನಸ್ಸಿಲ್ಲ ಎನ್ನುವುದನ್ನು ಹುಡುಗಿ ಹೇಳಿರಲಿಲ್ಲ, ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹೇಳುತ್ತಿತ್ತು. ಅಮ್ಮ ಸತ್ತಿದ್ದಳು. ಆ ಒಂದು ವಿಷಯದಲ್ಲಿ ಕಾದಂಬರಿಯವರು ಸುಳ್ಳು ಹೇಳಿರಲಿಲ್ಲ. ಮೂರು ತಿಂಗಳ ಹಿಂದೆ ಹೊಲಿಗೆ ಕೆಲಸದ ಚಿಕ್ಕಮ್ಮ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ ಮೇಲೆ ಹುಡುಗಿ ಐದು ಗಂಟೆಗೇ ಚೀಲ ಏರಿಸಿಕೊಂಡು ಹೊರಡುತ್ತಿದ್ದಳು. ಗಂಟೆ ಎನ್ನುವ ಹೆಸರು ಮಾತ್ರ ಉಳಿಯಿತು.

ಎರಡು ವಾರದ ಹಿಂದೆ ಅವಳು ನೀಲಿ ರಟ್ಟಿನ ಪುಸ್ತಕ ಹಿಡಿದು ಹಿಂದಿನ ಕೋಣೆಗೆ ಬಂದಿದ್ದಳು.

"ಅಂಟಕ್ಕಾ, ಈ ಕೊನೇ ಹಾಳೆ ಬೇರೆ ಥರ ಇದೆ."

"ಬೇರೆ ಥರ ಅಂದ್ರೆ?"

"ಮುಟ್ಟಿದ್ರೆ ದಪ್ಪ."

"ಪ್ರೆಸ್ಸಲ್ಲಿ ಕಾಗದ ಸಾಲದೇ ಹೋದ್ರೆ ಬೇರೆ ಕಾಗದ ಹಾಕ್ತಾರೆ ಕಣೇ."

ಹುಡುಗಿ ಹಾಳೆಯ ತುದಿಯನ್ನು ಬೆರಳಲ್ಲಿ ತೀಡಿದಳು. "ಇಡೀ ಪುಸ್ತಕದಲ್ಲಿ ಆ ಅಪ್ಪ ಒಂದ್ಸಲಾನೂ ಅಳಲ್ಲ. ಇಲ್ಲಿ ಬಂದು ಅಳ್ತಾನೆ. ಇದು ಈ ಪುಸ್ತಕದ್ದೇನಾ?"

"ಮತ್ತೇನು, ನಾನು ಬರೆದ್ನಾ?" ಎಂದು ಅಂಟಕ್ಕ ನಕ್ಕಿದ್ದಳು. "ಮನುಷ್ಯ ಬದಲಾಗ್ತಾನೆ. ದೊಡ್ಡವಳಾದ್ಮೇಲೆ ನಿಂಗೇ ಗೊತ್ತಾಗತ್ತೆ."

"ಹೌದಾ?"

"ಹೌದು."

ಅವತ್ತೇ ಕೊನೆ. ಆಮೇಲೆ ಹುಡುಗಿ ಈ ಕಡೆ ಸುಳಿದಿರಲಿಲ್ಲ. ಪರೀಕ್ಷೆ ಇರಬೇಕು ಎಂದುಕೊಂಡಿದ್ದ ಅಂಟಕ್ಕನಿಗೆ, ಈಗ ಹೊಸ ಪ್ರತಿಯ ಆರು ಸಾಲು ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಕಲ್ಲೆದೆ ಎಂದುಕೊಂಡಿದ್ದ ಆ ಬರಹಗಾರ ಮಕ್ಕಳ ಕೈ ಹಿಡಿದು ಬಸ್ಸಿನ ತನಕ ಬಿಟ್ಟುಬಂದಿದ್ದ. ತಾನು ಅವರನ್ನು ವಾಪಸ್ ಮನೆಯೊಳಕ್ಕೆ ತಳ್ಳಿದ್ದಳು.

ಮಾರನೆಯ ದಿನ ಮಧ್ಯಾಹ್ನ ಚಿಕ್ಕಮ್ಮ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನೀಲಿ ರಟ್ಟಿನ ಹಳೆಯ ಪ್ರತಿಯನ್ನು ಮೇಜಿನ ಮೇಲಿಟ್ಟು, "ತಾರೀಕು ಮೀರಿದೆಯೇನೋ. ಅವಳ ಚೀಲದಲ್ಲಿತ್ತು," ಎಂದಳು.

"ಅವಳೆಲ್ಲಿ?"

"ದೊಡ್ಡಾಸ್ಪತ್ರೇಲಿದಾಳೆ. ದವಡೆ ಮುರಿದಿದೆ. ಮೆಟ್ಟಿಲಿಂದ ಬಿದ್ಳಂತೆ."

"ನಿಮ್ಮನೇಲಾ?"

"ಅವರಪ್ಪನ ಮನೇಲಿ. ಅವಳಾಗೇ ಹೋದ್ಳು ಕಣ್ರೀ. ಬೇಡ ಕಣೇ ಅಂತ ಕೈ ಮುಗಿದೆ. ಮನುಷ್ಯ ಬದಲಾಗ್ತಾನೆ ಚಿಕ್ಕಮ್ಮಾ ಅಂದ್ಳು. ಅದ್ಯಾರು ತಲೆಗೆ ತುಂಬಿದ್ರೋ, ಅವರ ಬಾಯಿಗೆ ಮಣ್ಣು ಹಾಕ." ಚಿಕ್ಕಮ್ಮ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಆ ಮನೇಲಿ ಮೆಟ್ಟಿಲೇ ಇಲ್ಲ. ಹೊಸ್ತಿಲು ಬಿಟ್ರೆ ಹತ್ತೋಕೆ ಇಳಿಯೋಕೆ ಏನೂ ಇಲ್ಲ."

"ಪೊಲೀಸ್‌ಗೆ ಹೇಳಿದ್ರಾ?"

"ಹೇಳ್ದೆ. ಹುಡುಗಿ ಹೇಳ್ಲಿ ಅಂತಾರೆ. ಅವಳು ಅಪ್ಪನ ಮುಖ ನೋಡ್ತಾಳೆ, ಬಿದ್ದೆ ಅಂತ ತಲೆ ಆಡಿಸ್ತಾಳೆ. ನಾಳೆ ಮನೆಗೆ ಕಳಿಸ್ತಾರಂತೆ. ಕರ್ಕೊಂಡು ಹೋಗೋನು ಅವನೇ."

ಚಿಕ್ಕಮ್ಮ ಹೋದ ಮೇಲೆ ಅಂಟಕ್ಕ ಹಳೆಯ ಪ್ರತಿಯನ್ನು ತೆರೆದು ತನ್ನ ಹಾಳೆಯನ್ನು ಕೀಳಲು ನೋಡಿದಳು. ಅಂಟು ಹಸಿಯಿರುವಾಗ ಎಳೆದರೆ ಯಾವ ಹಾಳೆಯಾದರೂ ಸಲೀಸಾಗಿ ಬಿಡುತ್ತದೆ. ಒಣಗಿದ ಮೇಲೆ ಪಕ್ಕದ ಹಾಳೆಯ ಚರ್ಮವನ್ನೂ ಸುಲಿದುಕೊಂಡೇ ಬರುವುದು. ಇದನ್ನು ಇಪ್ಪತ್ತೆರಡು ವರ್ಷ ಕಂಡವಳು, ಆದರೂ ಎಳೆದಳು. ಹಿಂದಿನ ಪುಟದ ಅರ್ಧ ಅಕ್ಷರಗಳು ಕಿತ್ತುಬಂದವು.

ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೋದಾಗ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದರು. ಹುಡುಗಿ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ದವಡೆಗೆ ತಂತಿ ಬಿಗಿದಿದ್ದರು. ಎಡಗಣ್ಣು ಮುಚ್ಚಿಕೊಂಡಿತ್ತು. ಮಾತಾಡಲು ಆಗದೆಂದು ಮಡಿಲಲ್ಲಿ ಒಂದು ಪ್ಯಾಡು, ಪೆನ್ಸಿಲ್ಲು ಕೊಟ್ಟಿದ್ದರು. ಅಂಟಕ್ಕನನ್ನು ನೋಡಿ ಬಲಗಣ್ಣು ಸಣ್ಣಗೆ ನಕ್ಕಿತು.

ಅಂಟಕ್ಕ ಮಂಚದ ಅಂಚಿಗೆ ಕೂತಳು. ಕೈಚೀಲದಿಂದ ಹೊಸ ಪ್ರತಿಯನ್ನೂ ಕಿತ್ತ ಹಾಳೆಯನ್ನೂ ತೆಗೆದು ಹೊದಿಕೆಯ ಮೇಲಿಟ್ಟಳು. "ಇದು ಪುಸ್ತಕದ್ದು. ಇದು ನಾನು ಬರೆದದ್ದು. ಅವತ್ತು ನಿಂಗೆ ಸುಳ್ಳು ಹೇಳ್ದೆ ಕಣೇ ಗಂಟೆ."

ಹುಡುಗಿ ಹೊಸ ಪ್ರತಿಯ ಆರು ಸಾಲನ್ನು ನಿಧಾನವಾಗಿ ಓದಿದಳು. ಆಮೇಲೆ ಪ್ಯಾಡಿನಲ್ಲಿ ಬರೆದಳು. "ಗೊತ್ತಿತ್ತು. ಅಂಟಿನ ವಾಸನೆ ಬರ್ತಿತ್ತು."

"ಗೊತ್ತಿದ್ದೂ ಯಾಕೆ ಹೋದೆ?"

ಹುಡುಗಿ ಮತ್ತೆ ಬರೆದಳು. "ಚೆನ್ನಾಗಿ ಬರೆದಿದ್ರಿ."

ಹನ್ನೆರಡು ವರ್ಷಗಳಿಂದ ಯಾರಾದರೂ ಈ ಮಾತು ಅಂದಾರೆಂದು ಅಂಟಕ್ಕ ಕಾದಿದ್ದಳು. ಈಗ ಅದು ಬಂದಾಗ ಅವಳಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಹುಡುಗಿಯ ಪಾದದ ಮೇಲೆ ಕೈಯಿಟ್ಟಳು.

ಹೊರಗೆ ಓಣಿಯಲ್ಲಿ ಯಾರೋ ಕೆಮ್ಮಿದರು. ಹುಡುಗಿ ಪ್ಯಾಡಿನ ಹಾಳೆ ಹರಿದು ದಿಂಬಿನಡಿಗೆ ತುರುಕಿದಳು.

ಒಳಗೆ ಬಂದವನು ಇಸ್ತ್ರಿ ಮಾಡಿದ ಅಂಗಿಯ, ಮೆತ್ತನೆ ದನಿಯ ಮನುಷ್ಯ. ಕೈಯಲ್ಲಿ ಹಣ್ಣಿನ ಚೀಲ. "ನೀವು ಲೈಬ್ರರಿಯವರಲ್ವಾ? ನಿಮ್ಮ ಬಗ್ಗೆ ಹೇಳ್ತಾನೇ ಇರ್ತಾಳೆ," ಎಂದು ಕೈ ಮುಗಿದ. ಮಗಳ ತಲೆ ಸವರಿದ. ಕೈ ತಾಗುವ ಮೊದಲೇ ಹುಡುಗಿಯ ಭುಜ ಮೇಲೇರಿದ್ದನ್ನು ಅಂಟಕ್ಕ ನೋಡಿದಳು. ಅವನ ಹಿಂದೆಯೇ ನರ್ಸು ಫೈಲು, ಅಂಟಿನ ಬಾಟಲಿ ಹಿಡಿದು ಬಂದಳು.

"ಡಿಸ್ಚಾರ್ಜ್‌ಗೆ ಇದೊಂದು ಬಾಕಿ. ಹೇಗಾಯ್ತು ಅಂತ ನೀನೇ ಬರೆದು ಕೊಡ್ಬೇಕು ಪುಟ್ಟಿ. ಪೊಲೀಸ್ನೋರು ಕೇಳಿದ್ರೆ ಇದನ್ನೇ ತೋರ್ಸೋದು."

"ಬರಿ ಮಗಳೇ. ಹೇಗಾಯ್ತೋ ಹಾಗೇ ಬರಿ," ಎಂದ ಅಪ್ಪ.

ಹುಡುಗಿ ಒಂದೇ ಸಾಲು ಬರೆದಳು. ನರ್ಸು ಚೀಟಿಯನ್ನು ಹರಿದು ಗಟ್ಟಿಯಾಗಿ ಓದಿದಳು. "ಮೆಟ್ಟಿಲಿಂದ ಜಾರಿ ಬಿದ್ದೆ." ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ ಫೈಲು ಬಿಚ್ಚಿ, ಚೀಟಿಯ ಬೆನ್ನಿಗೆ ಅಂಟು ಸವರಿ, ಖಾಲಿ ಬಿಟ್ಟಿದ್ದ ಜಾಗಕ್ಕೆ ಕೂರಿಸಿ ಅಂಗೈಯಿಂದ ಒತ್ತಿದಳು. ಅಂಚು ಸರಿಯಾಗಿ ಕೂತಿತು. ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ಕಂಡಿತು.

ಅಂಟಿನ ವಾಸನೆ ಅಂಟಕ್ಕನ ಮೂಗಿಗೆ ಬಡಿಯಿತು. ಅವಳು ಎದ್ದಳು.

"ಸಿಸ್ಟರ್, ಅದನ್ನ ತೆಗೀರಿ."

"ಯಾಕ್ರೀ?"

"ಆ ಮನೇಲಿ ಮೆಟ್ಟಿಲಿಲ್ಲ."

ನರ್ಸಿನ ಕೈ ಬಾಟಲಿಯ ಮುಚ್ಚಳದ ಮೇಲೇ ನಿಂತಿತು. "ಏನಮ್ಮಾ ಇದು, ಹೊರಗಿನೋರು ಬಂದು..." ಎಂದು ಅಪ್ಪ ಮೆತ್ತನೆಯ ದನಿಯಲ್ಲೇ ಶುರುಮಾಡಿ, ಕೆಮ್ಮು ಬಂದು ನಿಲ್ಲಿಸಿದ. ಅಂಟಕ್ಕ ಅವನ ಕಡೆ ನೋಡಲಿಲ್ಲ. ನೋಡಿದರೆ ಕೈ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಇನ್ನೂ ಹಸಿ ಇದೆ. ಈಗ ತೆಗೆದ್ರೆ ಹರಿಯಲ್ಲ," ಎಂದು ಫೈಲಿನ ಮೇಲೆ ಬಾಗಿ, ಚೀಟಿಯ ಮೂಲೆಗೆ ಉಗುರು ಕೊಟ್ಟಳು. ಮೂಲೆ ಎದ್ದಿತು. ಅವಳು ತಲೆಯೆತ್ತಿ ಮಂಚದ ಕಡೆ ನೋಡಿದಾಗ ಹುಡುಗಿಯ ಬಲಗಣ್ಣು ಆ ಉಗುರಿನ ಮೇಲೇ ಇತ್ತು. ಪೆನ್ಸಿಲ್ಲು ಇನ್ನೂ ಅವಳ ಕೈಯಲ್ಲೇ ಇತ್ತು.